ಹತ್ತನೇ ಸಲವೂ ಹಿಡಿಯುವ ಬ್ರೇಕು

ಕೆಎ-26 ನಂಬರಿನ ಹೊಸ ಕಾರೊಂದು ಓಣಿಗೆ ಬಂದರೆ ಗದಗ-ಬೆಟಗೇರಿ ಕಡೆ ಏಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು: ಅವರೇಜ್ ಎಷ್ಟು ಕೊಡತೈತಿ, ಪಿಕಪ್ ಹ್ಯಾಂಗೈತಿ, ಎಷ್ಟರ ಮ್ಯಾಲೆ ಹೊಡದ್ರಿ? ಮೂರನೆಯದಕ್ಕೆ ಸಿಕ್ಕ ಉತ್ತರದ ಮೇಲೆಯೇ ಬಹಳಷ್ಟು ಸಲ ಕಾರಿನ ಯೋಗ್ಯತೆ ನಿರ್ಧಾರವಾಗಿಬಿಡುತ್ತದೆ. ಕಂಪನಿಗಳ ಜಾಹೀರಾತು ಕೂಡ ಇದೇ ಜಾಡಿನಲ್ಲಿ ಸಾಗುತ್ತದೆ. ಇಷ್ಟು ಅಶ್ವಶಕ್ತಿ, ಸೊನ್ನೆಯಿಂದ ನೂರಕ್ಕೆ ಇಷ್ಟು ಸೆಕೆಂಡು ಎಂದು ಒಂದೆರಡು ಅಂಕಿ ಹೇಳಿ, ಹಿಂಬದಿಗೆ ಕೆಂಪು ಅಕ್ಷರದ ಪಟ್ಟಿಯೊಂದನ್ನು ಅಂಟಿಸಿದರೆ ಅದು ಪರ್ಫಾರ್ಮೆನ್ಸ್ ಕಾರು. ಆ ಅಂಕಿಗಳು ಸುಳ್ಳಲ್ಲ. ಆದರೆ ಒಂದು ಕಾರು ಜೀವಮಾನದಲ್ಲಿ ಒಮ್ಮೆ, ಖಾಲಿ ರಸ್ತೆಯಲ್ಲಿ, ಒಬ್ಬನೇ ಕುಳಿತಾಗ ಏನು ಮಾಡಬಲ್ಲದು ಎಂಬುದನ್ನಷ್ಟೇ ಅವು ಹೇಳುತ್ತವೆ. ಎಂಜಿನ್, ಬ್ರೇಕು, ಟೈರು, ಸಸ್ಪೆನ್ಷನ್ ಒಂದಕ್ಕೊಂದು ಸರಿಹೊಂದಿದ್ದು, ಮೊದಲ ಸಲ ಮಾಡಿದ್ದನ್ನು ಹತ್ತನೇ ಸಲವೂ ಅಷ್ಟೇ ಖಚಿತವಾಗಿ ಮಾಡುವ ಕಾರಿಗೆ ಮಾತ್ರ ಆ ಹೆಸರು ಸಲ್ಲಬೇಕು ಎಂಬುದು ನನ್ನ ವಾದ.

ಮೊದಲು ಶಕ್ತಿಯ ವಿಚಾರ. ನಮ್ಮ ಜಾತ್ರೆಗಳಲ್ಲಿ ಎತ್ತುಗಳಿಗೆ ಎರಡು ಬಗೆಯ ಪಂದ್ಯ ನಡೆಯುತ್ತವೆ. ಭಾರದ ಕಲ್ಲು ಎಳೆಯುವುದು ಒಂದು, ಖಾಲಿ ಗಾಡಾ ಓಡಿಸುವುದು ಇನ್ನೊಂದು. ಕಲ್ಲು ಜಗ್ಗುವ ಜೋಡಿ ಗಾಡಾ ಪಂದ್ಯದಲ್ಲೂ ಗೆಲ್ಲುತ್ತದೆ ಎಂದು ಯಾವ ರೈತನೂ ಪಣ ಕಟ್ಟುವುದಿಲ್ಲ. ಕಾರಿನ ಮಾತಿಗೆ ಬಂದಾಗ ಮಾತ್ರ ಈ ವಿವೇಕ ಮರೆತುಹೋಗಿ, ದೊಡ್ಡ ಎಂಜಿನ್ ಎಂದರೆ ಜೋರು ಕಾರು ಎಂದುಕೊಳ್ಳುತ್ತೇವೆ. ಲೆಕ್ಕಕ್ಕೆ ಬರುವುದು ಎಂಜಿನ್ನಿನ ಬಲವನ್ನು ಅದು ಹೊರಬೇಕಾದ ತೂಕದಿಂದ ಭಾಗಿಸಿದಾಗ ಸಿಗುವ ಅಂಕಿ. 1983ರ ಕೊನೆಗೆ ಬಂದ ಮಾರುತಿ 800ರ ಎಂಜಿನ್ 796 ಸಿಸಿ, ಬಲ ಸುಮಾರು 37 ಅಶ್ವಶಕ್ತಿ. ಅಂಕಿ ಬಡವಾಗಿ ಕಂಡರೂ ಕಾರಿನ ತೂಕವೇ 650 ಕಿಲೋ ಆಸುಪಾಸಿನಲ್ಲಿದ್ದುದರಿಂದ, ಅದಕ್ಕಿಂತ ದೊಡ್ಡ ಎಂಜಿನ್ ಹೊತ್ತಿದ್ದ ಅಂಬಾಸಿಡರ್ ಮುಂದೆ ಅದು ಚುರುಕಾಗಿಯೇ ಓಡಿತು. ಇದಕ್ಕಿಂತ ಹೆಸರಾದ ಸಾಕ್ಷಿ ಯುರೋಪಿನ ಮಿನಿ ಕೂಪರ್ ಎಸ್. 1964ರ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ 1071 ಸಿಸಿಯ ಈ ಪುಟ್ಟ ಕಾರನ್ನು ಪ್ಯಾಡಿ ಹಾಪ್‌ಕಿರ್ಕ್ ಗೆಲ್ಲಿಸಿದಾಗ ಎದುರಾಳಿಗಳಲ್ಲಿ 4.7 ಲೀಟರ್ ಎಂಜಿನ್ನಿನ ಫೋರ್ಡ್ ಫಾಲ್ಕನ್ ಇತ್ತು. ಅಂಕ ಕೊಡುವ ಸೂತ್ರ ಸಣ್ಣ ಎಂಜಿನ್ನಿಗೆ ಅನುಕೂಲವಾಗಿತ್ತು, ಗಡಿಯಾರದ ಪ್ರಕಾರ ಫಾಲ್ಕನ್ನೇ ಮುಂದಿತ್ತು ಎಂಬ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಆದರೆ ಮರುವರ್ಷ ಹಿಮ ಸುರಿದ ರಸ್ತೆಯಲ್ಲಿ ಟಿಮೋ ಮ್ಯಾಕಿನೆನ್, 1967ರಲ್ಲಿ ರೌನೋ ಆಲ್ಟೊನೆನ್ ಅದೇ ಮಿನಿಯಲ್ಲಿ ಗೆದ್ದ ಮೇಲೂ ಎಲ್ಲವನ್ನೂ ಸೂತ್ರದ ಮೇಲೆ ಹೊರಿಸಲಾಗದು. ಹಗುರ ಮೈ, ಮೂಲೆಗಳಿಗೆ ತಳ್ಳಿದ ನಾಲ್ಕು ಗಾಲಿ, ತಿರುವಿನಲ್ಲಿ ಬಿಡದ ಹಿಡಿತ ಇವೆಲ್ಲ ಸೇರಿ ಆ ಗೆಲುವು ಬಂದಿತ್ತು.

ಎಳೆತದ ಬಗ್ಗೆ ಇಷ್ಟು ಮಾತಾಡುವ ನಾವು ಬ್ರೇಕಿನ ಬಗ್ಗೆ ಬಹುತೇಕ ಮಾತಾಡುವುದೇ ಇಲ್ಲ. 1,200 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 460 ಕಿಲೋಜೂಲ್. ಒಣ ಡಾಂಬರಿನ ಮೇಲೆ, ಒಳ್ಳೆಯ ಟೈರಿದ್ದರೆ, ಗಟ್ಟಿಯಾಗಿ ಬ್ರೇಕು ತುಳಿದಾಗ ಅದು 40 ಮೀಟರ್ ಆಜುಬಾಜಿನಲ್ಲಿ, ಮೂರು ಸೆಕೆಂಡಿನೊಳಗೆ ನಿಲ್ಲಬಹುದು. ಅಷ್ಟು ಹೊತ್ತಿನಲ್ಲಿ ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕಾಗುವ ಶಾಖ ಬ್ರೇಕಿನ ಡಿಸ್ಕು, ಪ್ಯಾಡುಗಳಲ್ಲಿ ಹುಟ್ಟುತ್ತದೆ. ಅಶ್ವಶಕ್ತಿಯಲ್ಲಿ ಹೇಳುವುದಾದರೆ ಇದು 200ಕ್ಕೂ ಹೆಚ್ಚು. ಅಂದರೆ 80 ಅಶ್ವಶಕ್ತಿಯ ಸಾಧಾರಣ ಕಾರಿನ ಬ್ರೇಕು ಕೂಡ ಎಂಜಿನ್ನಿನ ಎರಡೂವರೆ ಪಟ್ಟು ಕೆಲಸ ಮಾಡುತ್ತದೆ. ಒಮ್ಮೆ ಮಾಡಿದರೆ ತೊಂದರೆಯಿಲ್ಲ. ಒಂದೊಂದು ನಿಮಿಷಕ್ಕೆ ಒಮ್ಮೆಯಂತೆ ಹತ್ತು ಸಲ ಮಾಡಿದಾಗ ಶಾಖ ಆರಲು ಸಮಯ ಸಿಗದೆ ಪ್ಯಾಡು ಕಾದು ಹಿಡಿತ ಬಿಡತೊಡಗುತ್ತದೆ. ಬ್ರೇಕಿನ ದ್ರವ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದು ಕುದಿದು ಪೆಡಲ್ ಮೆತ್ತಗಾಗುತ್ತದೆ. ನಿಜವಾದ ಪರ್ಫಾರ್ಮೆನ್ಸ್ ಕಾರಿನ ಡಿಸ್ಕು ದೊಡ್ಡದಾಗಿರುವುದು, ನಡುವೆ ಗಾಳಿಯಾಡಲು ಸಂದು ಇರುವುದು ಚಂದಕ್ಕಲ್ಲ. ವೇಗ 80ರಿಂದ 120ಕ್ಕೆ ಏರಿದರೆ ಒಂದೂವರೆ ಪಟ್ಟಾಯಿತು ಅಷ್ಟೇ ಅನ್ನಿಸುತ್ತದೆ, ಆದರೆ ಬ್ರೇಕು ತಣಿಸಬೇಕಾದ ಶಕ್ತಿ ಎರಡೂಕಾಲು ಪಟ್ಟಾಗಿರುತ್ತದೆ. ಇದಿಷ್ಟೂ ನೆಲಕ್ಕೆ ತಲುಪುವುದು ನಾಲ್ಕು ಟೈರುಗಳು ನೆಲ ಮುಟ್ಟುವ, ಒಂದೊಂದೂ ಅಂಗೈಯಷ್ಟೇ ಇರುವ ಜಾಗದ ಮೂಲಕ. ಎಂಜಿನ್ನಿಗೆ ಲಕ್ಷ ಸುರಿದು ಸವೆದ ಟೈರಿನಲ್ಲಿ ತಿರುಗುವವರನ್ನು ಕಂಡರೆ ನಗಬೇಕೋ ಹೆದರಬೇಕೋ ತಿಳಿಯದು.

ಗದಗ ಸೀಮೆಯ ರಸ್ತೆಗಳು ಈ ಪರೀಕ್ಷೆಯನ್ನು ಇನ್ನಷ್ಟು ಕಠಿಣ ಮಾಡುತ್ತವೆ. ಎರಿ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಹಾಸಿದ ಡಾಂಬರು ಕಾಲಕ್ರಮದಲ್ಲಿ ಅಲೆಯಂತೆ ಏರಿಳಿಯುತ್ತದೆ. ಶಿರಹಟ್ಟಿ, ಮುಂಡರಗಿಯ ಮಸಾರಿ ನೆಲಕ್ಕೆ ಹೋದರೆ ಅಂಚಿನ ಗೊರಚು ರಸ್ತೆಗೆ ಬಂದು ಬಿದ್ದಿರುತ್ತದೆ. ಸುಗ್ಗಿಯಲ್ಲಿ ರಸ್ತೆಯೇ ಕಣವಾಗಿ ರಾಶಿ ಹರವಿರುತ್ತದೆ, ಅದರ ಮೇಲೆ ಟೈರಿಗೆ ಹಿಡಿತವೇ ಸಿಗದು. ಇಂಥಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿ ನೆಲಕ್ಕಂಟಿದಂತೆ ತಗ್ಗಿಸಿದ ಕಾರು ನೋಡಲು ಹುಲಿ, ಓಡಿಸಿದರೆ ಮೊಲ. ಗಾಲಿ ಪ್ರತಿ ಉಬ್ಬಿಗೂ ಜಿಗಿದು ನೆಲ ಬಿಟ್ಟ ಕ್ಷಣದಲ್ಲಿ ಅದಕ್ಕೆ ಎಳೆಯಲೂ ಆಗದು, ನಿಲ್ಲಿಸಲೂ ಆಗದು, ತಿರುಗಿಸಲೂ ಆಗದು. ಗಾಲಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಸಸ್ಪೆನ್ಷನ್ನಿನ ಮೊದಲ ಕೆಲಸ, ಕುಳಿತವರ ಸುಖ ಆಮೇಲಿನದು. ಇದನ್ನು ಮಣ್ಣಿನ ಮೇಲೆ ಸಾಬೀತು ಮಾಡುವ ಪಂದ್ಯವೇ ರ‍್ಯಾಲಿ, ಅದಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಪರಂಪರೆಯಿದೆ. ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ದಶಕಗಳಿಂದ ದೇಶದ ಪ್ರಮುಖ ರ‍್ಯಾಲಿಗಳಲ್ಲೊಂದು, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳೂ ರಾಷ್ಟ್ರೀಯ ಪಂದ್ಯಗಳನ್ನು ಕಂಡಿವೆ. ಚಾಲಕನ ಪಕ್ಕ ಕುಳಿತು ಮುಂದಿನ ತಿರುವು ಎಷ್ಟು ಚೂಪು, ದಿಬ್ಬದಾಚೆ ದಾರಿ ಎತ್ತ ಎಂದು ಓದಿ ಹೇಳುವ ಸಹಚಾಲಕನ ಕೆಲಸದಲ್ಲಿ ಕಾಸರಗೋಡಿನ ಮೂಸಾ ಶರೀಫ್ ದೇಶಕ್ಕೇ ಹೆಸರಾದವರು. ಇಂಥ ಮಣ್ಣಿನಲ್ಲಿ ವರ್ಷಗಟ್ಟಲೆ ಮೆರೆದದ್ದು ಯಾವ ವಿದೇಶಿ ಪವಾಡವೂ ಅಲ್ಲ, ಮಾರುತಿ ಜಿಪ್ಸಿ. 1985ರಲ್ಲಿ ಬಂದಾಗ ಅದರ ಎಂಜಿನ್ ಒಂದು ಲೀಟರಿನದು. ಮುಂದೆ 1.3 ಲೀಟರಿಗೆ ಬೆಳೆದು 80 ಅಶ್ವಶಕ್ತಿ ಮುಟ್ಟಿದರೂ ಹೆದ್ದಾರಿಯಲ್ಲಿ ಅದರ ಓಟ ಹೇಳಿಕೊಳ್ಳುವಂಥದ್ದಲ್ಲ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇದ್ದುದರಿಂದ ಕೂತವರ ಸೊಂಟಕ್ಕೆ ಸುಖವಿಲ್ಲ. ಹಗುರ, ಗಟ್ಟಿ, ನಾಲ್ಕು ಗಾಲಿಗೂ ಬಲ ಹಂಚಬಲ್ಲ ಆ ಗಾಡಿ ಗುಂಡಿ ಬಿದ್ದ ದಾರಿಯಲ್ಲಿ ಹಂತದ ನಂತರ ಹಂತ ಒಂದೇ ರೀತಿ ಓಡುತ್ತಿತ್ತು. ನನ್ನ ಅಳತೆಗೋಲಿನಲ್ಲಿ, ಮಣ್ಣಿನ ಮಟ್ಟಿಗೆ, ಅದು ಪರ್ಫಾರ್ಮೆನ್ಸ್ ಕಾರೇ.

ಹಾಗಾದರೆ ಕೆಲಸಕ್ಕೆ ಒದಗುವ ಗಾಡಿಯೆಲ್ಲ ಪರ್ಫಾರ್ಮೆನ್ಸ್ ಗಾಡಿಯೇ, ನಾಳೆ ಟ್ರ್ಯಾಕ್ಟರನ್ನೂ ಸೇರಿಸುತ್ತೀರಾ ಎಂದು ಯಾರಾದರೂ ಕೇಳಬಹುದು. ಇಲ್ಲ. ದಿನನಿತ್ಯದ ಅಗತ್ಯಕ್ಕಿಂತ ಸ್ಪಷ್ಟವಾಗಿ ಹೆಚ್ಚಿನ ಸಾಮರ್ಥ್ಯವನ್ನು ಕಾರು ಮೀಸಲಿಟ್ಟುಕೊಂಡಿರಬೇಕು, ಮತ್ತು ಆ ಮೀಸಲನ್ನು ಚಾಲಕ ತನಗೆ ಬೇಕಾದಷ್ಟು, ಬೇಕಾದ ಹೊತ್ತಿಗೆ ಬಳಸುವಂತಿರಬೇಕು. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್ ಒಳ್ಳೆಯ ಗಡಿ ಪ್ರಕರಣ. ಅದರ ಒಂದು ಲೀಟರ್ ಟರ್ಬೊ ಎಂಜಿನ್ ಆಗಿನ ಮಾಮೂಲಿ ಐ20ಯದ್ದೇ, 120 ಅಶ್ವಶಕ್ತಿ, ಒಂದಂಶವೂ ಹೆಚ್ಚಿರಲಿಲ್ಲ. ಬರೀ ಸ್ಟಿಕರ್ ಎಂದು ಹಲವರು ಮೂಗು ಮುರಿದರು. ಆದರೆ ಸಸ್ಪೆನ್ಷನ್ ಬಿಗಿಗೊಳಿಸಿ ಹಿಂಗಾಲಿಗೂ ಡಿಸ್ಕ್ ಬ್ರೇಕು ಕೊಟ್ಟಿದ್ದರಿಂದ, ಎಂಜಿನ್ನಿಗೆ ಇಪ್ಪತ್ತು ಅಶ್ವಶಕ್ತಿ ಸೇರಿಸಿ ಉಳಿದದ್ದನ್ನು ಹಾಗೇ ಬಿಟ್ಟ ಕಾರಿಗಿಂತ ಅದು ಆ ಹೆಸರಿಗೆ ಹತ್ತಿರ ಎನ್ನುತ್ತೇನೆ. ಸೈಲೆನ್ಸರ್ ಬದಲಿಸಿ ಓಣಿ ನಡುಗಿಸುವ ಕಾರುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸದ್ದಿನಿಂದ ಕಾರು ಓಡುವುದಿಲ್ಲ, ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಿಯಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎತ್ತು, ಕುರಿಹಿಂಡು, ಹತ್ತಿ ಹೇರಿದ ಟ್ರೇಲರ್ ಎಲ್ಲವೂ ಒಂದೇ ದಾರಿಯಲ್ಲಿ ಸಾಗುವ ಜಿಲ್ಲೆಗೆ ಇಂಥ ಕಾರು ಯಾತಕ್ಕೆ? ಅದೇ ದಾರಿಯ ಲೆಕ್ಕ ನೋಡೋಣ. ಗದಗಿನಿಂದ ಮುಳಗುಂದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವಾಗ 30 ಕಿಲೋಮೀಟರ್ ವೇಗದ ಟ್ರ್ಯಾಕ್ಟರೊಂದರ ಹಿಂದೆ ಅದೇ ವೇಗದಲ್ಲಿದ್ದೀರಿ ಎಂದುಕೊಳ್ಳಿ. ಅದನ್ನು ದಾಟಿ ನಿಮ್ಮ ಬದಿಗೆ ಮರಳಲು ಅದಕ್ಕಿಂತ 40 ಮೀಟರ್ ಹೆಚ್ಚು ಸಾಗಬೇಕು. ಪ್ರತಿ ಸೆಕೆಂಡಿಗೆ ತನ್ನ ವೇಗವನ್ನು ಗಂಟೆಗೆ 3.6 ಕಿಲೋಮೀಟರಿನಂತೆ ಏರಿಸುವ ಕಾರಿಗೆ ಇದಕ್ಕೆ ಒಂಬತ್ತು ಸೆಕೆಂಡು ಬೇಕು, 5.4ರಂತೆ ಏರಿಸುವುದಕ್ಕೆ ಏಳೂಕಾಲು ಸೆಕೆಂಡು ಸಾಕು. ಎದುರಿನಿಂದ 60ರ ವೇಗದಲ್ಲಿ ಬಸ್ಸು ಬರುತ್ತಿದ್ದರೆ ಮೊದಲನೆಯದಕ್ಕೆ ಕನಿಷ್ಠ 263 ಮೀಟರ್ ಖಾಲಿ ದಾರಿ ಬೇಕು, ಎರಡನೆಯದಕ್ಕೆ 223. ಯಾವ ಕಾರೂ ಇಲ್ಲಿ 70ನ್ನು ದಾಟಿಲ್ಲ, ಆದರೂ 40 ಮೀಟರ್ ಉಳಿಯಿತು. ಸಾಮರ್ಥ್ಯ ಇದ್ದವರು ಅದನ್ನು ದುಡುಕಿಗೆ ಬಳಸುತ್ತಾರೆ ಎಂಬ ಆತಂಕವನ್ನು ನಾನು ತಳ್ಳಿಹಾಕಲಾರೆ, ಆ 40 ಮೀಟರನ್ನು ಇನ್ನೂ ಇಕ್ಕಟ್ಟಾದ ಸಂದಿಯಲ್ಲಿ ನುಗ್ಗಲು ಖರ್ಚು ಮಾಡುವವರು ಖಂಡಿತ ಇದ್ದಾರೆ. ಆದರೆ ನಿಲ್ಲುವ, ತಿರುಗುವ ಶಕ್ತಿಗಿಂತ ಓಡುವ ಶಕ್ತಿಯನ್ನೇ ಹಾಡಿ ಹೊಗಳುವ ಈಗಿನ ಪದ್ಧತಿಯೇ ಆ ದುಡುಕಿಗೆ ಹೆಚ್ಚು ಗೊಬ್ಬರ ಹಾಕುತ್ತಿದೆ.

ವಿದ್ಯುತ್ ಕಾರುಗಳು ಬಂದ ಮೇಲಂತೂ ಹಳೆಯ ಅಳತೆ ಪೂರ್ತಿ ಕೈಕೊಟ್ಟಿದೆ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಆಟಿಕೆಯಂತಿತ್ತು. ಈಗ ಮಹೀಂದ್ರಾ ಬಿಇ 6ರ ದೊಡ್ಡ ಬ್ಯಾಟರಿಯ ಮಾದರಿ 286 ಅಶ್ವಶಕ್ತಿ ಹೊಮ್ಮಿಸಿ ಏಳು ಸೆಕೆಂಡಿನೊಳಗೆ ನೂರು ಮುಟ್ಟುತ್ತದೆ ಎಂದು ಕಂಪನಿ ಹೇಳುತ್ತದೆ. ಮೋಟಾರು ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಕೊಡುವುದರಿಂದ ನೂರು ಮುಟ್ಟುವ ಆಟದಲ್ಲಿ ಸಂಸಾರಸ್ಥರ ವಿದ್ಯುತ್ ಕಾರೂ ಹಿಂದಿನ ಸ್ಪೋರ್ಟ್ಸ್ ಕಾರುಗಳನ್ನು ಹಿಂದಿಕ್ಕೀತು. ಆದರೆ ಬ್ಯಾಟರಿಯ ಭಾರದಿಂದ ಇಂಥ ಕಾರು ಎರಡು ಟನ್ ಆಸುಪಾಸು ತೂಗುತ್ತದೆ, ತಿರುವಿನಲ್ಲಿ ಆ ಭಾರವನ್ನೆಲ್ಲ ಟೈರೇ ತಡೆಯಬೇಕು. ಮತ್ತೆ ಮತ್ತೆ ಬಲ ಹಿಂಡಿದಾಗ ಬ್ಯಾಟರಿ, ಮೋಟಾರು ಕಾದರೆ ಕಂಪ್ಯೂಟರ್ ತಾನಾಗಿ ಬಲ ತಗ್ಗಿಸುತ್ತದೆ. ನ್ಯಾಯಕ್ಕಾಗಿ ಇನ್ನೊಂದು ಮುಖವನ್ನೂ ಹೇಳಬೇಕು: ವೇಗ ಇಳಿಸುವಾಗ ಮೋಟಾರೇ ಜನರೇಟರ್ ಆಗಿ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದರಿಂದ ಬ್ರೇಕಿನ ಮೇಲಿನ ಕಾವು ಬಹಳಷ್ಟು ತಗ್ಗುತ್ತದೆ. ಹೀಗಾಗಿ ಇವುಗಳ ಬಗ್ಗೆ ತೀರ್ಪು ಕೊಡಬೇಕಾದರೆ ಮೊದಲ ಏಳು ಸೆಕೆಂಡು ಸಾಲದು, ಬ್ಯಾಟರಿಯನ್ನು ತಣ್ಣಗಿಡುವ ವ್ಯವಸ್ಥೆ ಎಂಥದ್ದು ಎಂದು ಕೇಳಬೇಕು, ವಿಶೇಷವಾಗಿ ಏಪ್ರಿಲ್-ಮೇ ತಿಂಗಳಿನ ನಮ್ಮ ಬಿಸಿಲಿನಲ್ಲಿ.

ಹುಬ್ಬಳ್ಳಿಯ ಶೋರೂಮಿಗೆ ಹೋಗಿ ಟೆಸ್ಟ್ ಡ್ರೈವ್ ಕೇಳುವವರು ಒಬ್ಬರೇ ಕುಳಿತು ನುಣುಪಾದ ಹೆದ್ದಾರಿಯಲ್ಲಿ ಎರಡು ಕಿಲೋಮೀಟರ್ ಓಡಿಸಿ ಬಂದರೆ ಏನೂ ತಿಳಿಯದು. ಮನೆಯ ನಾಲ್ವರನ್ನು ಕೂರಿಸಿಕೊಂಡು, ಎಸಿ ಹಾಕಿ, ಉಬ್ಬುತಗ್ಗಿನ ದಾರಿ ಆರಿಸಿಕೊಳ್ಳುವುದು ಲೇಸು. ಹಿಂದೆ ಯಾರೂ ಇಲ್ಲದ ಕಡೆ 60ರಿಂದ ಗಟ್ಟಿಯಾಗಿ ಬ್ರೇಕು ಒತ್ತಿ, ಸ್ವಲ್ಪ ದೂರ ಹೋಗಿ ಮತ್ತೆ ಒತ್ತಿ, ಐದಾರು ಸಲ ಹೀಗೆ ಮಾಡಿದಾಗ ಪೆಡಲ್ ಮೊದಲಿನಷ್ಟೇ ಗಟ್ಟಿಯಾಗಿದೆಯೇ, ಕಾರು ನೇರವಾಗಿ ನಿಲ್ಲುತ್ತದೆಯೇ, ತಗ್ಗು ದಾಟಿದ ಮೇಲೆ ಒಂದೇ ಸಲಕ್ಕೆ ಸ್ಥಿರವಾಗುತ್ತದೆಯೇ ಎಂದು ನೋಡಿ. ಆಮೇಲೆ ಬೇಕಿದ್ದರೆ ಅಶ್ವಶಕ್ತಿ ಎಷ್ಟು ಎಂದು ಸೇಲ್ಸ್ ಹುಡುಗನನ್ನು ಕೇಳಿ, ಅದು ಅವನಿಗೆ ಬಾಯಿಪಾಠವಾಗಿರುತ್ತದೆ.