ನವೀಕರಣದ ಮರುದಿನ: ಲಿನಕ್ಸ್ ಗಣಕಯಂತ್ರದ ರೋಗನಿದಾನ

ಆರೋಗ್ಯ ಲೇಖನಗಳ ನಡುವೆ ಗಣಕಯಂತ್ರದ ಕಾಯಿಲೆಗೇನು ಕೆಲಸವೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ರಾತ್ರಿ ನೆಟ್ಟಗಿದ್ದ ಯಂತ್ರವು ಬೆಳಗಾಗುವಷ್ಟರಲ್ಲಿ ಮಾತು ಕೇಳದಂತಾದಾಗ ಮನೆಯ ಹಿರಿಯರ ರಕ್ತದೊತ್ತಡ ಏರುವುದನ್ನು ಕಂಡವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋಥರೂಡಿನಲ್ಲಿ ನೆಲೆಸಿರುವ ನಿವೃತ್ತ ಅಧ್ಯಾಪಕರೊಬ್ಬರನ್ನು ಊಹಿಸಿಕೊಳ್ಳೋಣ. ಧಾರವಾಡದ ತಮ್ಮ ಬಾಲ್ಯದ ನೆನಪುಗಳನ್ನು ಎರಡು ವರ್ಷಗಳಿಂದ ಕನ್ನಡದಲ್ಲಿ ಬೆರಳಚ್ಚಿಸುತ್ತಿದ್ದಾರೆ. ಯಂತ್ರ ಹಳೆಯದು, ಅದರಲ್ಲಿರುವುದು ಲಿನಕ್ಸ್ ವ್ಯವಸ್ಥೆ. ಒಂದು ಸಂಜೆ ‘ನವೀಕರಿಸಲೇ?’ ಎಂದು ಅದು ಕೇಳಿತು, ಇವರು ಒಪ್ಪಿದರು. ಮರುದಿನ ಕಡತ ತೆರೆದರೆ ‘ಅಜ್ಜ’ ಹೋಗಿ ‘ಅಜ್‌ಜ’ ಆಗಿದೆ. ‘ಅಕ್ಕ’ ಹೋಗಿ ‘ಅಕ್‌ಕ’ ಆಗಿದೆ. ಒತ್ತಕ್ಷರಗಳೆಲ್ಲ ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳಂತೆ ಬೇರೆಬೇರೆಯಾಗಿ ನಿಂತಿವೆ. ಎರಡು ವರ್ಷದ ಶ್ರಮ ಮಣ್ಣುಪಾಲಾಯಿತೆಂದು ಅವರು ಕುಸಿದು ಕುಳಿತರು. ಹಿಂಜವಡಿಯಲ್ಲಿ ಉದ್ಯೋಗದಲ್ಲಿರುವ ಸೋದರಳಿಯನಿಗೆ ದೂರವಾಣಿ ಹೋಯಿತು. ಆತನ ಉತ್ತರ ಚುಟುಕಾಗಿತ್ತು: “ಮಾಮಾ, ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡೂಣು.”

ರೋಗಕ್ಕಿಂತ ಈ ಚಿಕಿತ್ಸೆಯೇ ಭಯಂಕರ. ಬರಹಕ್ಕೆ ಆ ಕ್ಷಣದವರೆಗೆ ಯಾವ ಅಪಾಯವೂ ಆಗಿರಲಿಲ್ಲ, ಅಳಿಸಿದ್ದರೆ ಆಗುತ್ತಿತ್ತು.

ಇದು ಹೇಗೆಂದು ತಿಳಿಯಲು ಕನ್ನಡದ ಅಕ್ಷರಗಳು ಯಂತ್ರದೊಳಗೆ ಹೇಗೆ ವಾಸಿಸುತ್ತವೆಂಬುದನ್ನು ನೋಡಬೇಕು. ಕಡತದಲ್ಲಿ ‘ಜ್ಜ’ ಎಂಬ ಆಕೃತಿಯೇ ಇರುವುದಿಲ್ಲ. ಅಲ್ಲಿರುವುದು ಜಕಾರ, ಹಲಂತದ ಚಿಹ್ನೆ, ಮತ್ತೊಂದು ಜಕಾರ ಎಂಬ ಮೂರು ಸಂಕೇತ ಸಂಖ್ಯೆಗಳು ಮಾತ್ರ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಈ ಸಂಖ್ಯೆಗಳು ದೊರೆತಿದ್ದವು. ಅವುಗಳನ್ನು ಕೂಡಿಸಿ, ಎರಡನೆಯ ಜಕಾರವನ್ನು ಒತ್ತಾಗಿಸಿ ಕೆಳಗಿಳಿಸುವ ಕೆಲಸ ತೆರೆಯ ಮೇಲೆ ಮೂಡಿಸುವಾಗ ಆಗುವಂಥದು. ಲಿನಕ್ಸಿನಲ್ಲಿ ಈ ಕೂಡಿಸುವ ಕೆಲಸವನ್ನು ಬಹುಮಟ್ಟಿಗೆ ‘ಹಾರ್ಫ್‌ಬಜ್’ ಎಂಬ ತಂತ್ರಾಂಶ ಮಾಡುತ್ತದೆ. ಯಾವ ಅಕ್ಷರಕ್ಕೆ ಯಾವ ಒತ್ತು ಎಂಬ ಸೂತ್ರಗಳು ಅಕ್ಷರಶೈಲಿಯ ಕಡತದಲ್ಲಿರುತ್ತವೆ. ಇವೆರಡರಲ್ಲಿ ಒಂದು ಬದಲಾದರೂ ಬರಹದ ಮುಖಚರ್ಯೆ ಕೆಡುತ್ತದೆ. ಒಳಗಿನ ಜೀವಕ್ಕೆ ಧಕ್ಕೆಯಿಲ್ಲ.

ಈ ಸಂಗತಿಯಲ್ಲಿ ಪುಣೆಯ ಕನ್ನಡಿಗರು ಹೆಮ್ಮೆಪಡಬಹುದಾದ ವಿಷಯವೊಂದಿದೆ. ಭಾರತೀಯ ಲಿಪಿಗಳನ್ನು ಗಣಕಕ್ಕೆ ಅಳವಡಿಸುವ ದುಡಿಮೆಯಲ್ಲಿ ಒಂದು ಪಾಲು ನಡೆದದ್ದು ಇದೇ ಊರಿನಲ್ಲಿ. 1988ರಲ್ಲಿ ಇಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯನ್ನು ಜನ ‘ಪರಮ್’ ಮಹಾಗಣಕಗಳಿಗಾಗಿ ನೆನೆಯುತ್ತಾರಾದರೂ, ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ‘ಜಿಸ್ಟ್’ ಲಿಪಿ ತಂತ್ರಜ್ಞಾನವನ್ನು ಬೆಳೆಸಿದ್ದೂ ಅದೇ ಸಂಸ್ಥೆ. ರೆಡ್ ಹ್ಯಾಟ್ ಕಂಪನಿಯು 2004ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ ‘ಲೋಹಿತ್’ ಅಕ್ಷರಶೈಲಿಗಳ ಪೋಷಣೆಯನ್ನೂ ಅದರ ಪುಣೆ ಕಚೇರಿಯ ತಂತ್ರಜ್ಞರು ಅನೇಕ ವರ್ಷ ಮಾಡಿದರು. ಲೋಹಿತವೆಂದರೆ ಕೆಂಪು, ಕಂಪನಿಯ ಹೆಸರಿಗೆ ಒಪ್ಪುವ ಸಂಸ್ಕೃತ. ‘ಲೋಹಿತ್ ಕನ್ನಡ’ವು ಇಂದಿಗೂ ಅನೇಕ ಯಂತ್ರಗಳಲ್ಲಿ ಸದ್ದಿಲ್ಲದೆ ಸೇವೆ ಸಲ್ಲಿಸುತ್ತಿದೆ.

ಆಯುರ್ವೇದದಲ್ಲಿ ‘ನಿದಾನ’ವೆಂದರೆ ರೋಗದ ಕಾರಣವನ್ನು ಅರಿಯುವುದು. ಆಡುಮಾತಿನ ‘ನಿಧಾನ’ದ ಅರ್ಥ ಬೇರೆ. ಕೆಟ್ಟ ಯಂತ್ರದ ಮುಂದೆ ಕುಳಿತವನಿಗೆ ಎರಡೂ ಬೇಕು.

ಮೊದಲ ಕೆಲಸ, ಬರಹದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳುವುದು. ಯಂತ್ರ ಆರಂಭವೇ ಆಗದಿದ್ದರೂ ಇದು ಸಾಧ್ಯ: ಲಿನಕ್ಸನ್ನು ತುಂಬಿದ ಪೆನ್‌ಡ್ರೈವಿನಿಂದಲೇ ಗಣಕವನ್ನು ಎಬ್ಬಿಸಿ, ಒಳಗಿನ ಕಡತಗಳನ್ನು ಇನ್ನೊಂದಕ್ಕೆ ನಕಲಿಸಬಹುದು. ಡಿಸ್ಕಿಗೆ ಬೀಗಮುದ್ರೆ ಹಾಕಿದ್ದಲ್ಲಿ ಅದರ ಗುಪ್ತಪದವೂ ಬೇಕಾಗುತ್ತದೆ. ಇಷ್ಟಾದ ಮೇಲೆ ಎದೆಬಡಿತ ತಾನಾಗಿಯೇ ಇಳಿಯುತ್ತದೆ. ಮುಂದಿನ ಪ್ರಯೋಗಗಳಲ್ಲಿ ತಪ್ಪಿದರೂ ಹೋಗುವುದು ಒಂದು ಮಧ್ಯಾಹ್ನ ಮಾತ್ರ.

ಅನಂತರ ರೋಗಿಯ ಪೂರ್ವವೃತ್ತಾಂತ. ವೈದ್ಯರು ‘ನಿನ್ನೆ ಏನು ಸೇವಿಸಿದಿರಿ?’ ಎಂದು ಕೇಳುವಂತೆ ಇಲ್ಲಿ ‘ನಿನ್ನೆ ಏನು ಬದಲಾಯಿತು?’ ಎಂದು ಕೇಳಬೇಕು. ಮನುಷ್ಯ ರೋಗಿ ಮರೆಯಬಹುದು, ಸಂಕೋಚದಿಂದ ಮುಚ್ಚಿಡಲೂಬಹುದು. ಲಿನಕ್ಸ್ ಎಲ್ಲವನ್ನೂ ಬರೆದಿಡುತ್ತದೆ. ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ ‘ಎಪಿಟಿ’ಯ ದಿನಚರಿ ಕಡತವಿದೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ತಂತ್ರಾಂಶದ ಯಾವ ಆವೃತ್ತಿ ಬಂದಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ. ಫೆಡೋರಾದಲ್ಲಿ ಇಂಥ ಒಂದೊಂದು ವ್ಯವಹಾರಕ್ಕೂ ಕ್ರಮಸಂಖ್ಯೆ ಇದ್ದು, ಬೇಕಾದರೆ ಅದನ್ನು ಹಿಂತೆಗೆದುಕೊಳ್ಳಲು ಯತ್ನಿಸಬಹುದು. ಯಂತ್ರದ ಒಳಗಿನ ನರಳಾಟವನ್ನು ಕೇಳಲು ‘ಜರ್ನಲ್‌ಸಿಟಿಎಲ್’ ಎಂಬ ಆದೇಶವುಂಟು.

ರೋಗ ಇಡೀ ವ್ಯವಸ್ಥೆಯದೋ, ಒಬ್ಬ ಬಳಕೆದಾರನ ಖಾತೆಯದೋ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಅನುಭವಿಗಳೂ ಅದನ್ನು ಮರೆಯುವುದುಂಟು. ಅದೇ ಯಂತ್ರದಲ್ಲಿ ಹೊಸ ಬಳಕೆದಾರನ ಹೆಸರಿನಲ್ಲಿ ಖಾತೆ ತೆರೆದು, ಅಲ್ಲಿಂದ ಆ ಬರಹದ ಪ್ರತಿಯನ್ನು ನೋಡುವುದು. ಅಲ್ಲಿ ‘ಅಜ್ಜ’ ಸರಿಯಾಗಿ ಕಂಡರೆ ವ್ಯವಸ್ಥೆ ಆರೋಗ್ಯವಾಗಿದೆ. ದೋಷ ಹಳೆಯ ಖಾತೆಯ ಸ್ವಂತ ಏರ್ಪಾಡುಗಳಲ್ಲಿದೆ.

ಅಕ್ಷರಗಳ ವಿಷಯದಲ್ಲಿ ಇನ್ನೊಂದು ವಿವೇಚನೆ ಅಗತ್ಯ. ಅಕ್ಷರಗಳಿರಬೇಕಾದಲ್ಲಿ ಬರಿಯ ಚೌಕಗಳು ಕಂಡರೆ ಕನ್ನಡದ ಅಕ್ಷರಶೈಲಿಯೇ ಇಲ್ಲವೆಂದರ್ಥ. ಅದನ್ನು ಹಾಕಿಕೊಂಡರೆ ಸಾಕು. ಒತ್ತುಗಳು ಮಾತ್ರ ಚೆದುರಿದ್ದರೆ ಯಂತ್ರ ತಪ್ಪು ಶೈಲಿಯನ್ನು ಆಯ್ದಿರಬಹುದು. ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಆ ಬರಹ ಯೂನಿಕೋಡಿನದೇ ಅಲ್ಲ, ನುಡಿ ಅಥವಾ ಬರಹದ ಹಳೆಯ ಸಂಕೇತಕ್ರಮದ್ದು. ಅದಕ್ಕೆ ಬೇಕಾದುದು ಪರಿವರ್ತಕ. ಸಂಘಸಂಸ್ಥೆಗಳ ಹಳೆಯ ವರದಿಗಳು ಅನೇಕವು ಈ ಮೂರನೆಯ ಸ್ಥಿತಿಯಲ್ಲಿವೆ. ಪಾಪ, ಅದಕ್ಕೂ ನವೀಕರಣವನ್ನೇ ದೂರುವವರಿದ್ದಾರೆ.

ಇನ್ನು ಯಂತ್ರ ಏಳಲೇ ಒಲ್ಲದ ಕಪ್ಪು ತೆರೆಯ ಪ್ರಕರಣ. ವ್ಯವಸ್ಥೆಯ ತಿರುಳಾದ ಕರ್ನೆಲ್ ಬದಲಾದಾಗ, ಹೊರಗಿನ ಕಂಪನಿಗಳು ಒದಗಿಸುವ ಚಿತ್ರಫಲಕದ ಅಥವಾ ವೈಫೈನ ಚಾಲಕ ತಂತ್ರಾಂಶ ಹೊಸ ತಿರುಳಿಗೆ ಹೊಂದದೆ ಹೋಗುವುದುಂಟು. ಬಹುತೇಕ ಲಿನಕ್ಸ್ ವ್ಯವಸ್ಥೆಗಳು ಹಳೆಯ ಕರ್ನೆಲನ್ನು ಕೂಡಲೇ ಎಸೆಯುವುದಿಲ್ಲ. ಫೆಡೋರಾ ಸಾಮಾನ್ಯವಾಗಿ 3ನ್ನು ಇಟ್ಟುಕೊಳ್ಳುತ್ತದೆ. ಆರಂಭದಲ್ಲಿ ಕಾಣುವ ‘ಗ್ರಬ್’ ಪಟ್ಟಿಯಿಂದ ಹಿಂದಿನದನ್ನು ಆಯ್ದುಕೊಂಡು ಯಂತ್ರ ಎದ್ದರೆ, ರೋಗ ಎಲ್ಲಿದೆಯೆಂಬುದು ಅರ್ಧ ತಿಳಿದಂತೆಯೇ. ಆರಂಭದ ಕಡತಗಳಿಡುವ ವಿಭಾಗ ತುಂಬಿ ಹೊಸ ಕರ್ನೆಲ್ ಅರೆಬರೆಯಾಗಿ ಕುಳಿತಿರುವುದೂ ಉಂಟು. ಪುಣೆಯಲ್ಲಿ ಗುರುವಾರ ದುರಸ್ತಿಗಾಗಿ ವಿದ್ಯುತ್ತು ಹೋಗುವ ರೂಢಿ ಬಲ್ಲವರು ಆ ದಿನ ನವೀಕರಣಕ್ಕೆ ಕೈಹಾಕದಿರುವುದು ಒಳಿತು. ನಡುವೆ ಕಡಿದುಹೋದ ನವೀಕರಣವನ್ನು ‘ಡಿಪಿಕೆಜಿ’ಯ ಆದೇಶದಿಂದ ಅನೇಕ ವೇಳೆ ಪೂರ್ಣಗೊಳಿಸಬಹುದಾದರೂ ಆ ತಲೆನೋವು ಯಾರಿಗೆ ಬೇಕು?

ಹಾಗಾದರೆ ನವೀಕರಣವನ್ನೇ ಬಿಡಬಹುದಲ್ಲ ಎಂಬ ವಾದವೂ ಕೇಳಿಬರುತ್ತದೆ. ಅದು ಲಸಿಕೆಯಿಂದ ಒಂದು ದಿನ ಜ್ವರ ಬಂದಿತೆಂದು ಲಸಿಕೆಯನ್ನೇ ನಿರಾಕರಿಸಿದಂತೆ. ನವೀಕರಣಗಳಲ್ಲಿ ಬಹಳಷ್ಟು ಭದ್ರತೆಯ ತೂತುಗಳನ್ನು ಮುಚ್ಚುವಂಥವು. ಆದರೂ ಕಣ್ಣು ತೆರೆದಿರಬೇಕು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ವಿಳಂಬವಾಗುತ್ತಿರುವುದನ್ನು ಗಮನಿಸಿದರು. ಅದರ ಬೆನ್ನುಹತ್ತಿದಾಗ ‘ಎಕ್ಸ್‌ಜೆಡ್’ ಎಂಬ ಉಪಕರಣದ ಹೊಸ ಆವೃತ್ತಿಯಲ್ಲಿ ಯಾರೋ ಅಡಗಿಸಿಟ್ಟಿದ್ದ ಕಳ್ಳಬಾಗಿಲು ಹೊರಬಿತ್ತು. ಅದು ಲಿನಕ್ಸಿನ ಪ್ರಯೋಗಾವಸ್ಥೆಯ ಆವೃತ್ತಿಗಳಿಗೆ ತಲುಪಿತ್ತು. ಜನಸಾಮಾನ್ಯರ ಸ್ಥಿರ ಆವೃತ್ತಿಗಳಿಗೆ ಬರುವ ಮೊದಲೇ ಸಿಕ್ಕಿಬಿತ್ತು. ಅರ್ಧ ಸೆಕೆಂಡಿನ ಲಕ್ಷಣವನ್ನು ಕಡೆಗಣಿಸದ ವೈದ್ಯರು ನಮ್ಮಲ್ಲಿ ಎಷ್ಟು ಮಂದಿ!

ಕೋಥರೂಡಿನ ಅಧ್ಯಾಪಕರ ಮನೆಗೆ ಮರಳೋಣ. ಹೊಸ ಖಾತೆಯಲ್ಲಿ ಬರಹ ಚೆನ್ನಾಗಿಯೇ ಕಾಣಿಸುತ್ತದೆ. ‘ಎಫ್‌ಸಿ-ಮ್ಯಾಚ್’ ಎಂಬ ಆದೇಶದಿಂದ ಹಳೆಯ ಖಾತೆಯಲ್ಲಿ ಕನ್ನಡಕ್ಕೆ ಯಾವ ಶೈಲಿ ಬಳಕೆಯಾಗುತ್ತಿದೆಯೆಂದು ಕೇಳಿದರೆ, ಎಂದೋ ಗೆಳೆಯರಿಂದ ಪಡೆದು ಸ್ವಂತ ಕೋಶದಲ್ಲಿ ಇರಿಸಿದ್ದ ಹಳೆಯ ಶೈಲಿಯೊಂದರ ಹೆಸರು ಬರುತ್ತದೆ. ಅದರಲ್ಲಿ ಒತ್ತುಗಳ ಸೂತ್ರಗಳೇ ಸರಿಯಿಲ್ಲ. ಇಷ್ಟು ದಿನ ಹಿಂದಿನ ಸಾಲಿನಲ್ಲಿದ್ದ ಅದನ್ನು ನವೀಕರಣವು ಆಯ್ಕೆಯ ಕ್ರಮ ಬದಲಿಸಿ ಮುಂದಕ್ಕೆ ತಂದಿತ್ತು. ಸೋದರಳಿಯ ಸಂಜೆ ಮನೆಗೆ ಬಂದು, ಆ ಒಂದು ಕಡತವನ್ನು ಬೇರೆಡೆಗೆ ಸರಿಸಿ, ಖಾತೆಯಿಂದ ಹೊರಬಂದು ಮತ್ತೆ ಒಳಹೋಗುತ್ತಾನೆ. ಅಜ್ಜ, ಅಕ್ಕ ಇಬ್ಬರೂ ತಮ್ಮತಮ್ಮ ಸ್ಥಾನಕ್ಕೆ ಮರಳಿದ್ದಾರೆ. ಬರಹದ ಪ್ರತಿ ಇಳಿಸಿದ ಪೆನ್‌ಡ್ರೈವನ್ನು ಅಧ್ಯಾಪಕರು ರಕ್ತದೊತ್ತಡದ ಮಾತ್ರೆಗಳ ಡಬ್ಬಿಯಲ್ಲಿಯೇ ಇಟ್ಟು, ಅಳಿಯನಿಗೆ ಚಹಾ ಮಾಡಲು ಏಳುತ್ತಾರೆ.