ಸಾಲು ಒಂದೇ, ತಿದ್ದುಪಡಿ ಸಾವಿರ

ರಿಲೇಷನಲ್ ಡೇಟಾಬೇಸ್‌ನಲ್ಲಿ ಸಾಲನ್ನು ಓದುವುದಕ್ಕಿಂತ ತಿದ್ದುವುದೇ ದುಬಾರಿ. ಗದ್ವಾಲ ಜಿಲ್ಲೆಯ ಉಂಡವಳ್ಳಿ ಸೀಮೆಯಲ್ಲಿ ಓದುವುದೇ ಹೆಚ್ಚಾದ, ತಿದ್ದುವುದೇ ಹೆಚ್ಚಾದ ಎರಡೂ ಬಗೆಯ ದಾಖಲೆಗಳಿವೆ. ಹೊಲದ ಪಹಣಿಯಲ್ಲಿ ಮಾಲೀಕನ ಹೆಸರು ಬದಲಾಗುವುದು ಮಾರಾಟ, ಪಾಲು, ವಾರಸಾ ಮುಂತಾದವು ಆದಾಗ ಮಾತ್ರ. ಮಿಕ್ಕ ಕಾಲವೆಲ್ಲ ಅದನ್ನು ನೋಡುವವರೇ ಹೆಚ್ಚು. 44ನೇ ರಾಷ್ಟ್ರೀಯ ಹೆದ್ದಾರಿಯ ಪುಲ್ಲೂರು ಟೋಲ್‌ನಲ್ಲಿ ಹಾಗಲ್ಲ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಹೆಚ್ಚಿನ ವಾಹನಗಳು ದಾಟಿದಾಗಲೆಲ್ಲ ಯಾವುದೋ ಖಾತೆಯಲ್ಲಿ ಹಣ ಕಡಿತವಾಗುತ್ತದೆ.

ಇಂಥ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಇಟ್ಟರೆ, ತಿದ್ದುಪಡಿಯಾದಾಗ ಹಳೆಯ ಸಾಲು ಅಳಿಯುವುದಿಲ್ಲ. ಅದೇ ಹೊತ್ತಿಗೆ ಓದುತ್ತಿರುವವರಿಗಾಗಿ ಅದು ಇದ್ದಲ್ಲೇ ಉಳಿಯುತ್ತದೆ, ಪಕ್ಕದಲ್ಲಿ ಹೊಸ ಪ್ರತಿ ಹುಟ್ಟುತ್ತದೆ. ಸಾಮಾನ್ಯವಾಗಿ ಕೋಷ್ಟಕದ ಪ್ರತಿ ಇಂಡೆಕ್ಸ್‌ಗೂ ಹೊಸ ನಮೂದು ಸೇರಬೇಕು, ಲಾಗ್‌ಗೂ ಬರೆಯಬೇಕು. ಇದ್ದ ಅಂಕಿಯನ್ನೇ ಮತ್ತೆ ಬರೆದರೂ ಹೊಸ ಪ್ರತಿ ತಪ್ಪದು. ಪ್ರೋಗ್ರಾಂ ಬರೆಯುವವರು ಇದನ್ನು ಅವಶ್ಯ ನೆನಪಿಡಬೇಕು.

ಸತ್ತ ಪ್ರತಿಗಳನ್ನು ತೆಗೆಯುವ ಕೆಲಸ ಆಟೋವ್ಯಾಕ್ಯೂಮ್‌ನದು. ಬಹುಕಾಲದಿಂದ ಬಂದ ಮೂಲ ಹೊಂದಿಕೆಯಲ್ಲಿ, ಹತ್ತು ಲಕ್ಷ ಸಾಲಿನ ಕೋಷ್ಟಕದಲ್ಲಿ 2,00,050 ಸತ್ತ ಸಾಲು ದಾಟಿದ ಮೇಲೆಯೇ ಅದು ಏಳುತ್ತದೆ. ಅಷ್ಟರಲ್ಲಿ ಕೋಷ್ಟಕ ಉಬ್ಬಿ, ಹುಡುಕಾಟ ನಿಧಾನವಾಗಿರುತ್ತದೆ. ಗಂಟೆಗಟ್ಟಲೆ ತೆರೆದೇ ಇರುವ ಒಂದು ಟ್ರಾನ್ಸಾಕ್ಷನ್ ಸಾಕು, ಅದು ಶುರುವಾದ ಮೇಲೆ ಸತ್ತ ಪ್ರತಿಗಳನ್ನು ತೆಗೆಯಲು ಆಗುವುದಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಎಂಜಿನ್ ಸಾಲನ್ನು ಇದ್ದಲ್ಲೇ ತಿದ್ದಿ ಹಳೆಯದನ್ನು ಅಂಡು ಲಾಗ್‌ನಲ್ಲಿ ಇಡುತ್ತದೆ; ದೀರ್ಘ ಟ್ರಾನ್ಸಾಕ್ಷನ್‌ನ ಕಾಟ ಅಲ್ಲೂ ತಪ್ಪಿದ್ದಲ್ಲ.

2008ರಲ್ಲಿ ಬಂದ ಪೋಸ್ಟ್‌ಗ್ರೆಸ್ 8.3 ಇಂಡೆಕ್ಸ್‌ಗಳ ಹೊರೆಗೆ ದೊಡ್ಡ ಪರಿಹಾರ ತಂದಿತು. ತಿದ್ದಿದ ಕಾಲಂ ಯಾವ ಇಂಡೆಕ್ಸ್‌ನಲ್ಲೂ ಇಲ್ಲದೆ, ಅದೇ 8 ಕೆಬಿ ಪುಟದಲ್ಲಿ ಜಾಗವೂ ಇದ್ದರೆ ಇಂಡೆಕ್ಸ್‌ಗಳನ್ನು ಮುಟ್ಟಬೇಕಿಲ್ಲ. ಆದ್ದರಿಂದ ಕ್ಷಣಕ್ಷಣಕ್ಕೂ ಬದಲಾಗುವ ಖಾತೆಯ ಮೊತ್ತದ ಮೇಲೆ ಇಂಡೆಕ್ಸ್ ಹಾಕದಿರುವುದು, ಫಿಲ್‌ಫ್ಯಾಕ್ಟರ್ ಅನ್ನು 100ರಿಂದ ಇಳಿಸಿ ಪುಟದಲ್ಲಿ ಜಾಗ ಬಿಡುವುದು ಒಳ್ಳೆಯದು. ಮಾಲೀಕನ ಹೆಸರು, ವಿಳಾಸಗಳ ಅಗಲವಾದ ಸಾಲಿನಿಂದ ಮೊತ್ತವನ್ನು ಬೇರೆ ಕೋಷ್ಟಕಕ್ಕೆ ಸಾಗಿಸಿದರೆ ಇನ್ನೂ ಹಗುರ.

ಬೀಗದ (ಲಾಕ್) ತೊಡಕು ಬೇರೆಯೇ. ಟೋಲ್‌ನ ದಿನದ ವಸೂಲಿಯನ್ನು ಒಂದೇ ಸಾಲಿನಲ್ಲಿ ಕೂಡಿಸುತ್ತ ಹೋದರೆ ಎಲ್ಲ ಲೇನ್‌ಗಳ ವ್ಯವಹಾರವೂ ಆ ಸಾಲಿನ ಬೀಗಕ್ಕಾಗಿ ಕಾಯಬೇಕು. ಯಂತ್ರ ಎಷ್ಟು ದೊಡ್ಡದಾದರೂ ಪ್ರಯೋಜನವಿಲ್ಲ. ವಾಹನಕ್ಕೊಂದು ಹೊಸ ಸಾಲು ಸೇರಿಸಿ, ಆಮೇಲೆ ಒಟ್ಟು ಹಾಕುವುದೇ ಇಲ್ಲಿ ಸರಿಯಾದ ವಿನ್ಯಾಸ.