ಸೇದಲು ಅಡ್ಡಿಯಿಲ್ಲ, ನೌಕರಿಗೆ ಮಾತ್ರ ಕುತ್ತು!

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಗಾಂಜಾ ಕೊಳ್ಳಲು ಕದ್ದುಮುಚ್ಚಿ ಓಡಾಡಬೇಕಿಲ್ಲ. 2012ರ ನವೆಂಬರಿನಲ್ಲಿ ಜನರೇ ಓಟು ಹಾಕಿ ಅದನ್ನು ಕಾನೂನುಬದ್ಧ ಮಾಡಿಕೊಂಡರು. 2014ರ ಜನವರಿ 1ರಿಂದ ಲೈಸೆನ್ಸ್ ಪಡೆದ ಅಂಗಡಿಗಳು ಬಾಗಿಲು ತೆರೆದವು. 21 ತುಂಬಿದವರು ವಯಸ್ಸಿನ ದಾಖಲೆ ತೋರಿಸಿ, ದುಡ್ಡು ಕೊಟ್ಟು, ಮನೆಗೆ ಒಯ್ಯಬಹುದು. ಸರ್ಕಾರಕ್ಕೆ ತೆರಿಗೆಯೂ ಸಂದಾಯ! ಇಷ್ಟಾದರೂ ಕಂಪನಿಯವರು ಡಬ್ಬಿ ಕೈಗಿಟ್ಟು ಮೂತ್ರ ಕೇಳಿದರೆ ನೌಕರನ ಎದೆ ಧಸಕ್ ಎನ್ನುತ್ತದೆ.

ಬ್ರ್ಯಾಂಡನ್ ಕೋಟ್ಸ್ ಎಂಬಾತನ ಕಥೆ ನೋಡಿ. ಹದಿಹರೆಯದಲ್ಲೇ ಕಾರು ಅಪಘಾತವಾಗಿ ಕೈಕಾಲು ಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದವ. ಡಿಶ್ ನೆಟ್‌ವರ್ಕ್ ಎಂಬ ಟೀವಿ ಕಂಪನಿಯಲ್ಲಿ ಗಿರಾಕಿಗಳ ಫೋನಿಗೆ ಉತ್ತರಿಸುವ ಕೆಲಸ. ಸ್ನಾಯು ಸೆಳೆತಕ್ಕೆಂದು ರಾಜ್ಯದ ಪರವಾನಗಿ ಪಡೆದೇ ಮನೆಯಲ್ಲಿ ಗಾಂಜಾ ಬಳಸುತ್ತಿದ್ದ. 2010ರಲ್ಲಿ ದಿಢೀರ್ ತಪಾಸಣೆ ನಡೆದು ಸಿಕ್ಕಿಬಿದ್ದ, ಕೆಲಸ ಹೋಯ್ತು. ಡ್ಯೂಟಿಯಲ್ಲಿ ನಶೆ ಏರಿಸಿಕೊಂಡಿದ್ದ ಎಂಬ ಆಪಾದನೆ ಇರಲೇ ಇಲ್ಲ!

ಡ್ಯೂಟಿ ಹೊರಗೆ ಕಾನೂನುಬದ್ಧವಾಗಿ ಏನು ಮಾಡಿದರೂ ನೌಕರನನ್ನು ತೆಗೆಯುವಂತಿಲ್ಲ ಎಂಬ ಕಾಯ್ದೆ ಕೊಲೊರಾಡೊದಲ್ಲಿದೆ. ಕೋಟ್ಸ್ ಅದನ್ನೇ ಹಿಡಿದು ಕೋರ್ಟು ಹತ್ತಿದ. 2015ರ ಜೂನಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಆರೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು: ರಾಜ್ಯ ಒಪ್ಪಿದರೆ ಸಾಲದು, ಕೇಂದ್ರವೂ ಒಪ್ಪಿದ್ದರೆ ಮಾತ್ರ ಕಾನೂನುಬದ್ಧ. ಕೇಂದ್ರದ 1970ರ ಕಾಯ್ದೆಯಲ್ಲಿ ಅದು ಅಪರಾಧ. ಕೇಸು ಬಿತ್ತು. ಅತ್ತೆ ಹೂಂ ಅಂದರೂ ಮಾವ ಉಹೂಂ ಅಂದ ಹಾಗಾಯ್ತು.

ಅಸಲಿ ತಕರಾರು ಇರೋದು ಆ ಡಬ್ಬಿಯಲ್ಲೇ. ಮೂತ್ರ ಪರೀಕ್ಷೆ ನಶೆಯನ್ನು ಅಳೆಯುವುದಿಲ್ಲ. ನಶೆ ಇಳಿದ ಮೇಲೆ ದೇಹದಲ್ಲಿ ಉಳಿಯುವ ಕಸವನ್ನು ಹುಡುಕುತ್ತದೆ. ಗಾಂಜಾದ ಸಾರ ಕೊಬ್ಬಿನಲ್ಲಿ ಅವಿತು ನಿಧಾನ ಹೊರಬರುವಂಥದ್ದು. ಅಪರೂಪಕ್ಕೆ ಸೇದಿದವನಲ್ಲಿ ಕೆಲವು ದಿನ, ದಿನಾ ಸೇದುವವನಲ್ಲಿ ವಾರಗಟ್ಟಲೆ ಸಿಗುತ್ತದೆ. ಶನಿವಾರ ರಾತ್ರಿ ಒಂದೆರಡು ದಮ್ ಎಳೆದವ ಸೋಮವಾರವೂ ಸಿಕ್ಕಿಬೀಳಬಹುದು. ಅದೇ ರಾತ್ರಿ ಕಂಠಪೂರ್ತಿ ಕುಡಿದವ ಸೋಮವಾರ ಉಸಿರು ಊದಿ ಎದೆ ಸೆಟೆಸಿ ಹೋಗುತ್ತಾನೆ!

ಹಾಗಂತ ಮಾಲೀಕರನ್ನು ಸುಮ್ಮನೆ ಬಯ್ಯುವಂತೆಯೂ ಇಲ್ಲ. ಕ್ರೇನ್ ಮೇಲೆ ಕೂತವ ನಶೆಯಲ್ಲಿದ್ದರೆ ಕೆಳಗಿರುವವರ ಗತಿ? ಕುಡುಕನನ್ನು ಹಿಡಿಯಲು ಇರುವಂಥ ನಂಬಿಕಸ್ಥ ಯಂತ್ರ ಗಾಂಜಾಕ್ಕೆ ಇಲ್ಲದ್ದೇ ದೊಡ್ಡ ಪೇಚು.

ಗಾಳಿ ಮಾತ್ರ ತಿರುಗಿದೆ. 2020ರಿಂದ ನೆವಾಡದಲ್ಲಿ, ಗಾಂಜಾ ಪರೀಕ್ಷೆಯಲ್ಲಿ ಫೇಲಾದ ಎಂಬ ಒಂದೇ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ; ಬೆಂಕಿ ಆರಿಸುವವರು, ಡ್ರೈವರುಗಳಂಥವರಿಗೆ ವಿನಾಯಿತಿಯಿಲ್ಲ. 2021ರಲ್ಲಿ ನ್ಯೂಯಾರ್ಕ್ ಇನ್ನೂ ಮುಂದೆ ಹೋಯಿತು: ಕೆಲಸ ಕೆಡುತ್ತಿರುವ ಲಕ್ಷಣ ಕಣ್ಣಿಗೆ ಕಾಣಬೇಕು, ಬರೀ ವಾಸನೆ ಬಂತು ಅಂದರೆ ನಡೆಯದು. ಅಮೆಜಾನ್ ಕಂಪನಿಯೂ ಅದೇ ವರ್ಷ ಬಹುಪಾಲು ಹುದ್ದೆಗಳಿಗೆ ಈ ಪರೀಕ್ಷೆ ಕೈಬಿಟ್ಟಿತು. 2024ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಸ ನೋಡಿ ಶಿಕ್ಷಿಸುವುದಕ್ಕೆ ತಡೆ. ಕಟ್ಟಡ ಕೆಲಸದವರಿಗೆ ಮಾತ್ರ ಆ ಭಾಗ್ಯವಿಲ್ಲ. ಡ್ಯೂಟಿಯಲ್ಲೇ ಸೇದಿದವನಿಗಂತೂ ಎಲ್ಲೂ ರಕ್ಷಣೆಯಿಲ್ಲ.

ಲಾರಿ ಡ್ರೈವರುಗಳ ಪಾಡು ಬೇರೆ. ಅವರು ಕೇಂದ್ರ ಸಾರಿಗೆ ಇಲಾಖೆಯ ಕಟ್ಟಳೆಗೆ ಒಳಪಟ್ಟವರು. ಸಿಕ್ಕಿಬಿದ್ದರೆ ತಕ್ಷಣ ಸ್ಟೇರಿಂಗಿನಿಂದ ಇಳಿಯಬೇಕು. 2020ರ ಜನವರಿಯಿಂದ ಹೆಸರು ದೇಶವ್ಯಾಪಿ ದಾಖಲೆಗೂ ಹೋಗುತ್ತದೆ. ಮುಂದಿನ ಮಾಲೀಕ ಅದನ್ನು ನೋಡಿಯೇ ಕೆಲಸ ಕೊಡೋದು.

ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ಕನ್ನಡದ ಹುಡುಗರಿಗೂ ಇದರ ಬಿಸಿ ಉಂಟು. ಕಂಪನಿ ಸುಮ್ಮನಿದ್ದರೂ ವಲಸೆ ಇಲಾಖೆ ಕೇಂದ್ರದ್ದು. ರಾಜ್ಯ ಒಪ್ಪಿದ ಗಾಂಜಾ ವ್ಯವಹಾರವೂ ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಎಂದು ಆ ಇಲಾಖೆ 2019ರ ಏಪ್ರಿಲ್‌ನಲ್ಲೇ ಸಾರಿತ್ತು. ಅಂಗಡಿಯವ ಕೊಟ್ಟ ರಶೀದಿ ಅಲ್ಲಿ ಲೆಕ್ಕಕ್ಕಿಲ್ಲ.